ಕೂಲಂಟ್ ಬದಲಿಸಿದ ಮೇಲೆ ಏರ್ ತೆಗೆಯುವುದು ಹೇಗೆ? ಕಲಬುರಗಿ ಬಿಸಿಲಿನ ಗಾಡಿಗಳಿಗೆ ಒಂದು ಮಾರ್ಗದರ್ಶಿ

ಬೇಸಿಗೆ ಹತ್ತಿರ ಬಂತು ಅಂದರೆ ಕಲಬುರಗಿಯ ಗ್ಯಾರೇಜುಗಳಲ್ಲಿ ರೇಡಿಯೇಟರ್ ಕೆಲಸ ಜಾಸ್ತಿಯಾಗುತ್ತದೆ. ಹಳೆ ಕೂಲಂಟ್ (ಇಂಜಿನ್ನನ್ನು ತಂಪಾಗಿಡುವ ದ್ರವ) ಬಿಟ್ಟು, ಒಳಗೆ ನೀರು ಹಾಯಿಸಿ ತೊಳೆದು, ಹೊಸದು ತುಂಬಿಸಿಕೊಂಡು ಹೋಗುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಎರಡು ದಿನ ಕಳೆದ ಮೇಲೆ ಅದೇ ಗಾಡಿ ಜೇವರ್ಗಿ ರಸ್ತೆಯಲ್ಲೋ ಹುಮನಾಬಾದ್ ರಸ್ತೆಯಲ್ಲೋ ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. "ಹೊಸಾ ಕೂಲಂಟ್ ಹಾಕಿಸೀನ್ರಿ, ಆದ್ರೂ ಹೀಟ್ ಆಗ್ಲತ್ತದ" ಅನ್ನುವ ಮಾತು ಆಗ ಕೇಳಿಸುತ್ತದೆ. ಇಂಥ ಕಡೆ ಬಹಳ ಸಲ ಕೂಲಂಟ್ ತಪ್ಪೇನೂ ಇರುವುದಿಲ್ಲ. ಒಳಗೆ ಗಾಳಿ ಉಳಿದಿರುತ್ತದೆ. ಮಿಸ್ತ್ರಿಗಳ ಮಾತಲ್ಲಿ ಹೇಳುವುದಾದರೆ, ಏರ್ ಹಿಡಿದಿರುತ್ತದೆ.

ಕೂಲಂಟ್ ಸುರಿಯುವುದು ಯಾರಿಗಾದರೂ ಬರುತ್ತದೆ. ಎಷ್ಟು ಹೊರಗೆ ಬಂತೋ ಅಷ್ಟೂ ಒಳಗೆ ಹೋಗಿದೆಯಾ ಅಂತ ನೋಡುವವರು ಕಡಿಮೆ. ಈ ಲೇಖನದ ತಿರುಳು ಅದೇ. ಅಳತೆ ಸರಿಹೋಗುವವರೆಗೆ ಕೆಲಸ ಮುಗಿದಿಲ್ಲ ಅಂತಲೇ ತಿಳಿಯಿರಿ.

ಗಾಳಿ ಒಳಗಿದ್ದರೆ ಏನಾಗುತ್ತದೆ

ಬಾವಿಯ ಮೋಟಾರಿಗೆ ಗಾಳಿ ಹೊಕ್ಕರೆ ಮೋಟಾರ್ ತಿರುಗುತ್ತದೆ, ನೀರು ಮಾತ್ರ ಏರುವುದಿಲ್ಲ. ಹೊಲ ಇದ್ದವರಿಗೆ ಇದು ಹೊಸದಲ್ಲ. ಇಂಜಿನ್ನಿನ ವಾಟರ್ ಪಂಪ್ ಕೂಡ ಅದೇ ಜಾತಿಯದು. ಅದರ ರೆಕ್ಕೆಗಳಿಗೆ ದ್ರವ ಸಿಕ್ಕರೆ ತಳ್ಳುತ್ತದೆ, ಗಾಳಿ ಸಿಕ್ಕರೆ ಸುಮ್ನೆ ತಿರುಗುತ್ತದೆ.

ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಇಂಜಿನ್ನಿನಲ್ಲಿ ಎತ್ತರದ ಜಾಗ ಅಂದರೆ ಇಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟಿಗೆ ದಾರಿ ಬಿಡುವ ವಾಲ್ವ್) ಕೂತಿರುವ ಮನೆ, ಡ್ಯಾಶ್‌ಬೋರ್ಡ್ ಹಿಂದಿರುವ ಹೀಟರ್ ಕೋರ್, ಅಂದರೆ ಗಾಡಿಯೊಳಗೆ ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರ್. ಇದರಲ್ಲಿ ಹೆಡ್ ಎಲ್ಲಕ್ಕಿಂತ ಬಿಸಿಯಾದ ಭಾಗ. ಅಲ್ಲಿ ಕೂಲಂಟ್ ಬದಲು ಗಾಳಿ ಕೂತರೆ ಅಷ್ಟು ಜಾಗ ಮಾತ್ರ ಕಾಯುತ್ತಾ ಹೋಗುತ್ತದೆ. ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಬಹುದು, ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವಿನ ಪದರ, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು. ಇನ್ನೊಂದು ಅಪಾಯ ಇದೆ. ಟೆಂಪರೇಚರ್ ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಅದರ ಸುತ್ತ ಗಾಳಿ ಇದ್ದರೆ ಒಳಗೆ ಕುದಿಯುತ್ತಿದ್ದರೂ ಮುಳ್ಳು ನಡುವೆ ಆರಾಮಾಗಿ ನಿಂತಿರಬಹುದು.

ನಮ್ಮ ಊರಿನ ಬಿಸಿಲು ಇದನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಕೂಲಂಟ್ ಬಿಸಿಗೂ ಹೊರಗಿನ ಗಾಳಿಯ ಬಿಸಿಗೂ ಎಷ್ಟು ಅಂತರ ಇದೆಯೋ ಅದರ ಮೇಲೆ ರೇಡಿಯೇಟರ್ ಶಾಖ ಬಿಡುವುದು ನಿಂತಿದೆ. ಕೂಲಂಟ್ 95 ಡಿಗ್ರಿ, ಹೊರಗೆ 25 ಡಿಗ್ರಿ ಅಂದರೆ 70 ಡಿಗ್ರಿ ಅಂತರ. ಮೇ ತಿಂಗಳ ಮಧ್ಯಾಹ್ನ ಹೊರಗೆ 43 ಆಯಿತು ಅಂದರೆ ಅಂತರ 52ಕ್ಕೆ ಇಳಿಯಿತು. ಅಂದರೆ ರೇಡಿಯೇಟರಿನ ಶಕ್ತಿಯಲ್ಲಿ ಕಾಲು ಭಾಗ ಹೋದಂತೆಯೇ. ತಂಪು ಊರಿನಲ್ಲಿ ಅರ್ಧ ಲೀಟರ್ ಗಾಳಿ ಒಳಗಿದ್ದರೂ ಗಾಡಿ ಹೇಗೋ ಓಡೀತು. ಇಲ್ಲಿ ಓಡುವುದಿಲ್ಲ.

ಮೊದಲು ಅಳತೆ

ಹಳೆ ಕೂಲಂಟನ್ನು ಚರಂಡಿಗೆ ಬಿಡಬೇಡಿ. 5 ಲೀಟರಿನ ಖಾಲಿ ಆಯಿಲ್ ಕ್ಯಾನಿಗೆ ಹಿಡಿಯಿರಿ. ಒಂದು, ಅದು ವಿಷ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಕಿಡ್ನಿ ಕೆಡುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಕ್ಯಾನಿನ ಮೇಲೆ ದೊಡ್ಡದಾಗಿ ಬರೆದು ಎತ್ತರದಲ್ಲಿಡಿ. ಎರಡನೆಯದು, ಅಳತೆ ಸಿಗುತ್ತದೆ.

ತೊಳೆಯುವುದೆಲ್ಲ ಮುಗಿದು ಕೊನೆಯ ಸಲ ಬಿಟ್ಟಾಗ ಎಷ್ಟು ನೀರು ಬಂತು ಅಂತ ಬರೆದಿಟ್ಟುಕೊಳ್ಳಿ. ಗಾಡಿಯ ಪುಸ್ತಕದಲ್ಲಿ ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಕೊಟ್ಟಿರುತ್ತಾರೆ. ಒಟ್ಟು 5.5 ಲೀಟರ್, ಕೆಳಗಿನ ಪ್ಲಗ್ ಬಿಚ್ಚಿದಾಗ ಬಂದದ್ದು 3.5 ಲೀಟರ್ ಅಂದುಕೊಳ್ಳಿ. ಉಳಿದ 2 ಲೀಟರ್ ಇಂಜಿನ್ ಬ್ಲಾಕಿನಲ್ಲೂ ಹೀಟರ್ ಕೋರಿನಲ್ಲೂ ಕೂತಿರುತ್ತದೆ, ಅದು ತಾನಾಗಿ ಹೊರಗೆ ಬರುವುದಿಲ್ಲ. ಹಾಗಾದರೆ ಈಗ ಒಳಗೆ ಹೋಗಬೇಕಾದ್ದು ಸರಿಯಾಗಿ 3.5 ಲೀಟರ್. 2.7 ಲೀಟರಿಗೇ ಬಾಯಿ ತುಂಬಿತು ಅಂದರೆ ಉಳಿದ 800 ಮಿಲಿ ಲೀಟರ್ ಜಾಗದಲ್ಲಿ ಗಾಳಿ ಇದೆ ಅಂತ ಅರ್ಥ.

ಇದೇ ಲೆಕ್ಕ ಇನ್ನೊಂದು ವಿಷಯಕ್ಕೂ ಬೇಕು. ಒಳಗೆ 2 ಲೀಟರ್ ಬರೀ ನೀರಿದೆ ಅಲ್ವಾ? ಅದರ ಮೇಲೆ ಅರ್ಧಕ್ಕರ್ಧ ಬೆರೆಸಿದ ರೆಡಿ ಕೂಲಂಟ್ 3.5 ಲೀಟರ್ ಸುರಿದರೆ ಕೊನೆಗೆ ಸಿಗುವುದು ಶೇ 32ರಷ್ಟು ಕೂಲಂಟ್ ಮಾತ್ರ. ತೊಳೆದ ಮೇಲೆ ನೀರು ಬೆರೆಸದ ಕಾನ್ಸನ್ಟ್ರೇಟ್ ತರುವುದು ವಾಸಿ. ಒಟ್ಟು 5.5ರಲ್ಲಿ ಅರ್ಧ, ಅಂದರೆ 2.75 ಲೀಟರ್ ಕಾನ್ಸನ್ಟ್ರೇಟ್ ಮೊದಲು ಹಾಕಿ. ಉಳಿದ 750 ಮಿಲಿ ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿ. ಲೆಕ್ಕ ಸರಿಹೋಯಿತು. ಹಸಿರು, ಕೆಂಪು, ಕಿತ್ತಳೆ ಬಣ್ಣ ನೋಡಿ ಮಾತ್ರ ಆರಿಸಬೇಡಿ. ಗಾಡಿಯ ಪುಸ್ತಕ ಯಾವ ಜಾತಿ ಹೇಳುತ್ತದೋ ಅದೇ ಇರಲಿ. ಎರಡು ಜಾತಿ ಬೆರೆತರೆ ಕೆಲವು ಸಲ ಲೋಳೆಯಂತೆ ಗಟ್ಟಿಯಾಗುತ್ತದೆ, ಸಣ್ಣ ದಾರಿಗಳು ಕಟ್ಟಿಕೊಳ್ಳುತ್ತವೆ.

ನೀರಿನ ಬಗ್ಗೆ ಒಂದು ಮಾತು. ಶಹಾಬಾದ ಫರ್ಸಿ ಕಲ್ಲು, ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳು, ಎಲ್ಲ ಇಲ್ಲಿ ಇರುವುದು ನೆಲದಲ್ಲಿ ಸುಣ್ಣದ ಕಲ್ಲು ಇರುವುದಕ್ಕೇ. ಆ ಸುಣ್ಣ ಬೋರಿನ ನೀರಿನಲ್ಲೂ ಕರಗಿರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ನೋಡಿದ್ದೀರಿ. ಇಂಜಿನ್ ಒಳಗೂ ಅದೇ ಕಟ್ಟುತ್ತದೆ. ಆದ್ದರಿಂದ ಬೋರಿನ ನೀರಿನಲ್ಲಿ ತೊಳೆದರೂ ಕೊನೆಯ ಸುತ್ತು ಡಿಸ್ಟಿಲ್ಡ್ ವಾಟರಿನಲ್ಲೇ ಆಗಲಿ, ಒಳಗೆ ಉಳಿಯುವ ಆ 2 ಲೀಟರ್ ಒಳ್ಳೆಯ ನೀರಾಗಿರಲಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಕೊಳ್ಳುವಾಗ ಅದು ಬ್ಯಾಟರಿ ಆ್ಯಸಿಡ್ ಅಲ್ಲ ಅಂತ ಲೇಬಲ್ ನೋಡಿಕೊಳ್ಳಿ.

ನಿಮ್ಮ ಗಾಡಿ ಯಾವ ತರಹದ್ದು

ಎರಡು ತರಹ ಇವೆ. ಒಂದರಲ್ಲಿ ರೇಡಿಯೇಟರ್ ಮೇಲೆಯೇ ಲೋಹದ ಕ್ಯಾಪ್ ಇರುತ್ತದೆ, ಪಕ್ಕದಲ್ಲಿ ತೆಳು ಪೈಪಿನಿಂದ ಜೋಡಿಸಿದ ಪ್ಲಾಸ್ಟಿಕ್ ಬಾಟಲಿ ಇರುತ್ತದೆ. ಆ ಬಾಟಲಿಯಲ್ಲಿ ಒತ್ತಡ ಇರುವುದಿಲ್ಲ. ಇನ್ನೊಂದರಲ್ಲಿ ರೇಡಿಯೇಟರ್ ಮೇಲೆ ಕ್ಯಾಪೇ ಇಲ್ಲ. ದಪ್ಪ ಪ್ಲಾಸ್ಟಿಕ್ಕಿನ ಟ್ಯಾಂಕ್ ಎತ್ತರದಲ್ಲಿ ಕೂತಿರುತ್ತದೆ, ತಿರುಪು ಇರುವ ಕ್ಯಾಪ್ ಅದರ ಮೇಲೆಯೇ ಇರುತ್ತದೆ. ಈ ಟ್ಯಾಂಕಿನಲ್ಲಿ ಪೂರ್ತಿ ಒತ್ತಡ ಇರುತ್ತದೆ. ಎರಡನೆಯ ತರಹದ ಗಾಡಿಗಳು ಬಹುಪಾಲು ಗಾಳಿಯನ್ನು ತಾವೇ ಟ್ಯಾಂಕಿಗೆ ತಳ್ಳಿಕೊಳ್ಳುತ್ತವೆ. ಮೊದಲನೆಯದಕ್ಕೆ ನಮ್ಮ ಕೈ ಬೇಕು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಗಳಲ್ಲಿ ಕರೆಂಟಿನ ಪಂಪ್ ಇರುತ್ತದೆ, ಏರ್ ತೆಗೆಯಲು ಬಹಳಷ್ಟಕ್ಕೆ ಸ್ಕ್ಯಾನರ್ ಬೇಕು. ಅವನ್ನು ಮನೆಯಲ್ಲಿ ಮುಟ್ಟದಿರುವುದೇ ಒಳ್ಳೆಯದು.

ಇನ್ನು ಬ್ಲೀಡ್ ಸ್ಕ್ರೂ, ಅಂದರೆ ಗಾಳಿ ಹೊರಬಿಡುವ ಸ್ಕ್ರೂ. ಕೆಲವು ಗಾಡಿಗಳಲ್ಲಿ ಥರ್ಮೋಸ್ಟಾಟ್ ಮನೆಯ ಮೇಲೆ, ರೇಡಿಯೇಟರಿನ ಮೇಲ್ಮೂಲೆಯಲ್ಲಿ ಅಥವಾ ಹೀಟರ್ ಪೈಪಿನ ಎತ್ತರದ ಜಾಗದಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ಕೆಲವಕ್ಕೆ ಎರಡು ಇರುತ್ತವೆ. ಪುಸ್ತಕದಲ್ಲಿ ನೋಡಿ ಮೊದಲೇ ಗುರುತು ಹಾಕಿಕೊಳ್ಳಿ. ಹಳೆ ಪ್ಲಾಸ್ಟಿಕ್ ಸ್ಕ್ರೂ ಆದರೆ ನಿಧಾನ. ವರ್ಷಗಟ್ಟಲೆ ಕಾದು ಕಾದು ಪೆಡಸಾಗಿರುತ್ತದೆ, ಜೋರು ಮಾಡಿದರೆ ತಲೆ ಕೈಗೆ ಬರುತ್ತದೆ.

ತುಂಬುವುದು

ಬೆಳಿಗ್ಗೆ ಆರಕ್ಕೆ ಶುರು ಮಾಡಿ. ರಾತ್ರಿಯೆಲ್ಲ ನಿಂತ ಇಂಜಿನ್ ಪೂರ್ತಿ ತಣ್ಣಗಿರುತ್ತದೆ, ಬಿಸಿಲು ಏರುವ ಮೊದಲು ಕೆಲಸ ಮುಗಿಯುತ್ತದೆ.

ಗಾಡಿಯ ಮೂತಿ ಎತ್ತರಕ್ಕೆ ಇರಬೇಕು. ಆಗ ರೇಡಿಯೇಟರ್ ಬಾಯಿಯೇ ಎಲ್ಲಕ್ಕಿಂತ ಮೇಲಿನ ಜಾಗವಾಗುತ್ತದೆ, ಗಾಳಿ ಅಲ್ಲಿಗೇ ಬರುತ್ತದೆ. ನಮ್ಮ ಊರು ಸಪಾಟು, ಇಳಿಜಾರು ಹುಡುಕುವುದು ಕಷ್ಟ. ಆದರೆ ಮನೆ ಗೇಟಿನ ಮುಂದೆ ರ‍್ಯಾಂಪ್ ಇದ್ದೇ ಇರುತ್ತದೆ. ಮುಂದಿನ ಎರಡು ಚಕ್ರ ರ‍್ಯಾಂಪ್ ಮೇಲೆ ಹತ್ತಿಸಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಚಕ್ರಗಳ ಹಿಂದೆ ಇಟ್ಟಂಗಿಯೋ ಕಲ್ಲೋ ಇಡಿ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಮಾಡಲೇಬೇಡಿ. ಇಂಜಿನ್ ಬಹಳ ಹೊತ್ತು ಓಡುತ್ತದೆ, ಹೊಗೆ ಕೊಲ್ಲುತ್ತದೆ. ನಿಮ್ಮ ಟ್ಯಾಂಕ್ ಇಂಜಿನ್ನಿನ ಹಿಂದೆ, ಗ್ಲಾಸಿನ ಹತ್ತಿರ ಇದ್ದರೆ ಮೂತಿ ಎತ್ತುವುದು ಬೇಡ, ಸಮತಟ್ಟು ಸಾಕು.

ಬಾಯಿಗೆ ಬಿಗಿಯಾಗಿ ಕೂರುವ ದೊಡ್ಡ ಫನಲ್ ಇದ್ದರೆ ಅರ್ಧ ಕೆಲಸ ಹಗುರ. ಬಿಡಿಭಾಗದ ಅಂಗಡಿಗಳಲ್ಲಿ ಅಡಾಪ್ಟರ್ ಸಮೇತ ಸೆಟ್ ಸಿಗುತ್ತದೆ. ನೀರಿನ ಬಾಟಲಿ ಕತ್ತರಿಸಿ ಫನಲ್ ಮಾಡುವವರಿದ್ದಾರೆ. ಬೇಡ. ಆ ಪ್ಲಾಸ್ಟಿಕ್ ಬಿಸಿ ಕೂಲಂಟಿಗೆ ಮೆತ್ತಗಾಗಿ ಬಾಗುತ್ತದೆ, ಸುಡುವ ದ್ರವ ಕೈಮೇಲೆ ಚೆಲ್ಲುತ್ತದೆ.

ಬ್ಲೀಡ್ ಸ್ಕ್ರೂ ಇದ್ದರೆ ಸಡಿಲ ಮಾಡಿ. ಕೂಲಂಟನ್ನು ಸಣ್ಣ ಧಾರೆಯಾಗಿ ಸುರಿಯಿರಿ. ಅವಸರ ಮಾಡಿದರೆ ಒಳಗಿನ ಗಾಳಿಗೆ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಸ್ಕ್ರೂ ಬಾಯಿಂದ ಮೊದಲು ಬುಸ್ ಅನ್ನುತ್ತದೆ, ಆಮೇಲೆ ನೊರೆ, ಆಮೇಲೆ ಗುಳ್ಳೆಯಿಲ್ಲದ ಸಣ್ಣ ಧಾರೆ. ಧಾರೆ ಬಂದ ತಕ್ಷಣ ಸ್ಕ್ರೂ ಬಿಗಿ ಮಾಡಿ. ಎರಡಿದ್ದರೆ ಕೆಳಗಿನದು ಮೊದಲು.

ಮಟ್ಟ ನಿಂತ ಮೇಲೆ ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಪೈಪನ್ನು ಕೈಯಲ್ಲಿ ಒತ್ತಿ ಬಿಡಿ, ಒತ್ತಿ ಬಿಡಿ. ಫನಲ್ಲಿನಲ್ಲಿ ಗುಳುಕ್ ಗುಳುಕ್ ಅಂತ ದೊಡ್ಡ ಗುಳ್ಳೆ ಏಳುತ್ತದೆ, ಮಟ್ಟ ಒಂದು ಬೆರಳಷ್ಟು ಕೆಳಗಿಳಿಯುತ್ತದೆ. ಮತ್ತೆ ತುಂಬಿ. ಕೆಳಗಿನ ಪೈಪಿಗೂ ಇದೇ ಮಾಡಿ. ಗುಳ್ಳೆ ನಿಲ್ಲುವವರೆಗೆ ಬಿಡಬೇಡಿ. ಇಂಜಿನ್ ಚಾಲೂ ಮಾಡದೇ ಹೀಗೆ ಹೊರಬರುವ ಗಾಳಿಯೇ ಬಹಳ ಇರುತ್ತದೆ.

ಹೀಟರ್ ಹಾಕಿ, ಇಂಜಿನ್ ಚಾಲೂ ಮಾಡಿ

ನಮ್ಮ ಕಡೆ ಹೆಚ್ಚು ಜನ ಬಿಡುವ ಹೆಜ್ಜೆ ಇದೇ. ಕಲಬುರಗಿಯಲ್ಲಿ ಹೀಟರ್ ಯಾರು ಹಾಕುತ್ತಾರೆ? ಗಾಡಿ ಕೊಂಡ ದಿನದಿಂದ ಆ ಗುಂಡಿ ನೀಲಿ ಕಡೆಯೇ ಇರುತ್ತದೆ. ಆದರೆ ಕೆಲವು ಗಾಡಿಗಳಲ್ಲಿ ಗುಂಡಿ ಕೆಂಪು ಕಡೆ ತಿರುಗಿಸಿದರೆ ಮಾತ್ರ ವಾಲ್ವ್ ತೆರೆದು ಕೂಲಂಟ್ ಹೀಟರ್ ಕೋರಿಗೆ ಹೋಗುತ್ತದೆ. ತಿರುಗಿಸದಿದ್ದರೆ ಹಳೆ ಕೊಳಕು ನೀರೂ ಅಲ್ಲೇ, ಗಾಳಿಯೂ ಅಲ್ಲೇ. ಕೆಲವು ಗಾಡಿಗಳಲ್ಲಿ ಕೋರಿಗೆ ಕೂಲಂಟ್ ಯಾವಾಗಲೂ ಹರಿಯುತ್ತದೆ, ಗುಂಡಿ ಒಳಗಿನ ಗಾಳಿಯ ಬಾಗಿಲನ್ನಷ್ಟೇ ತಿರುಗಿಸುತ್ತದೆ. ಅಂಥ ಗಾಡಿಯಲ್ಲೂ ಹೀಟರ್ ಹಾಕಿದರೆ ಒಂದು ಲಾಭ ಇದೆ. ಕೋರಿಗೆ ಬಿಸಿ ದ್ರವ ತಲುಪಿತೋ ಇಲ್ಲವೋ ಅಂತ ಕೈಗೇ ಗೊತ್ತಾಗುತ್ತದೆ. ವರ್ಷಗಟ್ಟಲೆ ತಿರುಗಿಸದ ಗುಂಡಿ ಬಿಗಿಯಾಗಿದ್ದರೆ ಜೋರು ಮಾಡಬೇಡಿ, ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ ಸಡಿಲ ಮಾಡಿ.

ಗುಂಡಿ ಪೂರ್ತಿ ಕೆಂಪು ಕಡೆ, ಬ್ಲೋವರ್ ಕಡಿಮೆ, ಎಸಿ ಬಂದ್. ಎಸಿ ಹಾಕಿದರೆ ರೇಡಿಯೇಟರ್ ಫ್ಯಾನ್ ಅದಕ್ಕಾಗಿಯೇ ತಿರುಗುತ್ತದೆ, ಕೂಲಂಟ್ ಬಿಸಿಯಾಗಿ ಫ್ಯಾನ್ ಬಂತೋ ಇಲ್ಲವೋ ತಿಳಿಯುವುದಿಲ್ಲ. ಈಗ ಇಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಒತ್ತದೇ ಐಡಲ್‌ನಲ್ಲಿ ಬಿಡಿ. ಫನಲ್ಲಿನಲ್ಲಿ ಎರಡು ಮೂರು ಇಂಚು ಕೂಲಂಟ್ ಇರಲಿ. ಒತ್ತಡದ ಟ್ಯಾಂಕ್ ಇರುವ ಗಾಡಿಯಾದರೆ ಕ್ಯಾಪ್ ತೆರೆದಿಡಬೇಕೋ ಮುಚ್ಚಿಡಬೇಕೋ ಅಂತ ಪುಸ್ತಕ ಹೇಳಿದಂತೆ ಮಾಡಿ, ಗಾಡಿಯಿಂದ ಗಾಡಿಗೆ ಇದು ಬೇರೆ.

ಮೊದಲ ಕೆಲವು ನಿಮಿಷ ಏನೂ ಆಗುವುದಿಲ್ಲ. ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿ ನಡುವೆ ಅದು ತೆರೆಯಲು ಶುರುವಾಗುತ್ತದೆ. ಮೇಲಿನ ಹೋಸ್ ಪೈಪನ್ನು ಆಗಾಗ ಬೆರಳ ತುದಿಯಿಂದ ಮುಟ್ಟಿ ನೋಡಿ. ತಣ್ಣಗಿದ್ದ ಪೈಪ್ ಒಮ್ಮೆಲೇ ಬಿಸಿಯಾಯಿತು ಅಂದರೆ ಥರ್ಮೋಸ್ಟಾಟ್ ತೆರೆಯಿತು. ಕೆಲವು ಇಂಜಿನ್ನುಗಳಲ್ಲಿ ಅದು ಕೆಳಗಿನ ಪೈಪಿನ ಕಡೆ ಇರುತ್ತದೆ, ಆಗ ಕೆಳಗಿನ ಪೈಪ್ ನೋಡಬೇಕು. ಆ ಹೊತ್ತಿಗೆ ಮಟ್ಟ ದಡಕ್ಕನೆ ಇಳಿಯಬಹುದು. ಗಾಬರಿ ಬೇಡ, ಸಿಕ್ಕಿಹಾಕಿಕೊಂಡಿದ್ದ ಗಾಳಿ ಬಿಟ್ಟುಕೊಟ್ಟ ಜಾಗ ಅದು. ತುಂಬುತ್ತಾ ಹೋಗಿ.

ಈಗ ಒಬ್ಬರು ಒಳಗೆ ಕೂತು ಆಕ್ಸಿಲರೇಟರ್ ಒತ್ತಲಿ. 2000ದಿಂದ 2500 ಆರ್‌ಪಿಎಂವರೆಗೆ ಏರಿಸಿ ಹತ್ತು ಸೆಕೆಂಡ್ ಹಿಡಿದು ಬಿಡಬೇಕು. ಏರಿಸಿದಾಗ ಫನಲ್ಲಿನ ಮಟ್ಟ ಇಳಿಯುತ್ತದೆ, ಬಿಟ್ಟಾಗ ಮೇಲೆ ಉಕ್ಕುತ್ತದೆ. ಉಕ್ಕುವಾಗ ಮುಖ ಹತ್ತಿರ ಒಯ್ಯಬೇಡಿ. ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು, ಓಢಣಿ, ಟವೆಲ್, ಉದ್ದ ತೋಳು ದೂರ ಇರಲಿ.

ಗುಳ್ಳೆಗಳನ್ನು ನೋಡುತ್ತಿರಿ. ಮೊದಲು ದೊಡ್ಡವು, ಬಿಟ್ಟು ಬಿಟ್ಟು ಬರುತ್ತವೆ. ಆಮೇಲೆ ಸಣ್ಣ ಸಣ್ಣವು ಸಾಲಾಗಿ ಬರುತ್ತವೆ. ಆಮೇಲೆ ಅಪರೂಪಕ್ಕೊಂದು. ಸಾಮಾನ್ಯವಾಗಿ 95 ಡಿಗ್ರಿ ಆಸುಪಾಸಿನಲ್ಲಿ ಫ್ಯಾನ್ ತಾನಾಗಿ ತಿರುಗಿ ನಿಲ್ಲುತ್ತದೆ. ಹೀಗೆ ಎರಡು ಸಲ ತಿರುಗಿ ನಿಲ್ಲಲಿ. ಒಳಗೆ ಬ್ಲೋವರ್ ಮುಂದೆ ಕೈ ಹಿಡಿದು ನೋಡಿ, ಐಡಲ್‌ನಲ್ಲೂ ಸುಡುವಷ್ಟು ಬಿಸಿ ಗಾಳಿ ಬರಬೇಕು. ರೇಸ್ ಮಾಡಿದಾಗ ಬಿಸಿ, ಬಿಟ್ಟಾಗ ತಣ್ಣಗೆ ಅಂದರೆ ಕೋರಿನಲ್ಲಿ ಇನ್ನೂ ಗಾಳಿ ಇದೆ.

ಈ ನಡುವೆ ಮುಳ್ಳು ಕೆಂಪಿನ ಕಡೆ ಏರಿದರೆ ಇಂಜಿನ್ ತಕ್ಷಣ ಬಂದ್ ಮಾಡಿ. ಎಲ್ಲ ಸರಿ ಹೋದರೂ ಬಂದ್ ಮಾಡಿ, ಆರಲು ಬಿಡಿ, ಫನಲ್ ತೆಗೆಯಿರಿ, ಕ್ಯಾಪ್ ಹಾಕಿ, ಬಾಟಲಿಯನ್ನು ಮೇಲಿನ ಗುರುತಿನವರೆಗೆ ತುಂಬಿ. ಒಟ್ಟು ಎಷ್ಟು ಹೋಯಿತು ಅಂತ ಕೂಡಿಸಿ. ಆ 3.5 ಲೀಟರಿಗೆ ಸರಿಹೊಂದಬೇಕು.

ಒಮ್ಮೆ ಕ್ಯಾಪ್ ಹಾಕಿ ಓಡಿಸಿದ ಮೇಲೆ, ಬಿಸಿ ಇರುವಾಗ ಅದನ್ನು ತೆಗೆಯಲೇಬೇಡಿ. 1.1 ಬಾರ್ ಒತ್ತಡ ಹಿಡಿದಿಡುವ ಕ್ಯಾಪಿನ ಕೆಳಗೆ ಅರ್ಧಕ್ಕರ್ಧ ಕೂಲಂಟ್ 125 ಡಿಗ್ರಿ ದಾಟುವವರೆಗೂ ಕುದಿಯದೇ ಇರುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗುತ್ತದೆ, ಅದೇ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಹಳೆ ಮಿಸ್ತ್ರಿಗಳು "ಬಿಸಿ ಇದ್ದಾಗ ಕ್ಯಾಪಿಗೆ ಕೈ ಹಚ್ಚಬ್ಯಾಡ್ರಿ" ಅಂತ ಬೈದು ಹೇಳುವುದು ಇದಕ್ಕೇ. ಬಟ್ಟೆ ಹಿಡಿದು ತೆಗೆದರೆ ಪರವಾಗಿಲ್ಲ ಅನ್ನುವುದು ತಪ್ಪು.

ಓಡಿಸಿ ನೋಡುವುದು, ಮರುದಿನ ನೋಡುವುದು

ಮೊದಲು ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿ. ಮುಳ್ಳು ಮೇಲೆ ಕೆಳಗೆ ಆಡಬಾರದು. ಡ್ಯಾಶ್‌ಬೋರ್ಡ್ ಹಿಂದೆ ನೀರು ಹರಿದಂತೆ ಸದ್ದು ಬರಬಾರದು. ಆಮೇಲೆ ಸೂಪರ್ ಮಾರ್ಕೆಟ್ ಕಡೆಯ ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಓಡಿಸಿ. ಅಲ್ಲಿ ಎದುರು ಗಾಳಿ ಇಲ್ಲ, ಫ್ಯಾನ್ ಒಂದೇ ಆಧಾರ. ಅಲ್ಲೂ ಮುಳ್ಳು ನಿಂತರೆ ಒಳ್ಳೆಯದು. ಮೊದಲ ದಿನವೇ ದೂರದ ಊರಿಗೆ ಹೊರಡಬೇಡಿ.

ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಬಾಟಲಿ ನೋಡಿ. ಮಟ್ಟ ಸ್ವಲ್ಪ ಇಳಿದಿರುತ್ತದೆ. ಕ್ಯಾಪಿನಲ್ಲಿ ಎರಡು ವಾಲ್ವ್ ಇರುತ್ತವೆ. ಬಿಸಿಯಾದಾಗ ಹೆಚ್ಚಿದ ಕೂಲಂಟನ್ನೂ ಉಳಿದ ಗಾಳಿಯನ್ನೂ ಒಂದು ವಾಲ್ವ್ ಬಾಟಲಿಗೆ ಬಿಡುತ್ತದೆ. ಆರಿದಾಗ ಇನ್ನೊಂದು ವಾಲ್ವ್ ಬಾಟಲಿಯಿಂದ ಕೂಲಂಟನ್ನು ಮಾತ್ರ ವಾಪಸ್ ಎಳೆಯುತ್ತದೆ. ಹೀಗೆ ಎರಡು ಮೂರು ಸಲ ಕಾದು ಆರಿದರೆ ಉಳಿದ ಪುಡಿ ಗಾಳಿಯೂ ಹೋಗುತ್ತದೆ. ಇದು ನಡೆಯಬೇಕಾದರೆ ಬಾಟಲಿಯೊಳಗಿನ ಪೈಪಿನ ತುದಿ ಸದಾ ಮುಳುಗಿರಬೇಕು, ಆ ತೆಳು ಪೈಪ್ ಬಿರುಕು ಬಿಟ್ಟಿರಬಾರದು. ಬಿರುಕಿದ್ದರೆ ಕೂಲಂಟ್ ಬದಲು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ನೀವು ಎಷ್ಟು ತೆಗೆದರೂ ದಿನಾ ಹೊಸ ಗಾಳಿ ಒಳಗೆ ಹೋಗುತ್ತಿರುತ್ತದೆ. ಹಳೆ ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೂ ಇದೇ ಕಥೆ. ಫ್ಲಶ್ ಮಾಡಿಸುವಾಗಲೇ ಅದೇ ಒತ್ತಡದ ಹೊಸ ಕ್ಯಾಪ್ ಹಾಕಿಬಿಡಿ, ದುಬಾರಿಯೇನಲ್ಲ.

ಗುಳ್ಳೆ ನಿಲ್ಲುತ್ತಲೇ ಇಲ್ಲ ಅಂದರೆ

ಅರ್ಧ ಗಂಟೆಯಾದರೂ ಒಂದೇ ಸಮನೆ ಗುಳ್ಳೆ ಬರುತ್ತಿದ್ದರೆ ಅದು ಉಳಿದ ಗಾಳಿ ಇರಲಿಕ್ಕಿಲ್ಲ. ಹೆಡ್ ಗ್ಯಾಸ್ಕೆಟ್ ದಾಟಿ ಸಿಲಿಂಡರಿನ ಹೊಗೆ ಕೂಲಂಟಿಗೆ ಬರುತ್ತಿರಬಹುದು. ತಣ್ಣಗೆ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಪೈಪ್ ಕಲ್ಲಿನಂತೆ ಗಟ್ಟಿಯಾಗುವುದು, ಆಯಿಲ್ ಮುಚ್ಚಳದ ಕೆಳಗೆ ಹಾಲುಬಣ್ಣದ ಜಿಡ್ಡು, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಇವೆಲ್ಲ ಅದರ ಗುರುತು. ಖಾತ್ರಿ ಮಾಡಿಕೊಳ್ಳಲು ನೀಲಿ ದ್ರವದ ಟೆಸ್ಟರ್ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರೊಳಗೆ ಎಳೆದಾಗ ನೀಲಿ ಹೋಗಿ ಹಳದಿ ಬಂದರೆ ಹೊಗೆ ಸೇರುತ್ತಿದೆ ಅಂತ ತಿಳಿಯಬೇಕು. ಆಮೇಲೆ ಗಾಡಿ ಓಡಿಸಬೇಡಿ.

ಗುಳ್ಳೆ ನಿಂತಿದೆ, ಅಳತೆಯೂ ಸರಿ ಇದೆ, ಆದರೂ ಕಾಯುತ್ತದೆ ಅಂದರೆ ರೇಡಿಯೇಟರಿನ ಹೊರಮೈ ನೋಡಿ. ಎರೆಮಣ್ಣಿನ ಧೂಳು ರೆಕ್ಕೆಗಳ ನಡುವೆ ಕೂತು ಗಟ್ಟಿಯಾಗಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ಗನ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಥರ್ಮೋಸ್ಟಾಟ್ ಹೊಸದು ಹಾಕಿದ್ದರೆ ಅದರ ಮೇಲಿನ ಸಣ್ಣ ಪಿನ್ ಇರುವ ತೂತು ಮೇಲ್ಗಡೆ ಬಂದಿದೆಯಾ ಕೇಳಿ. ಗಾಳಿ ಹೋಗಲೆಂದೇ ಆ ತೂತು ಇಟ್ಟಿರುತ್ತಾರೆ, ಕೆಳಗಡೆ ಬಂದರೆ ಉಪಯೋಗವಿಲ್ಲ.

ಬೈಕಿನವರಿಗೂ ಒಂದು ಮಾತು. ಡ್ಯೂಕ್, ಆರ್15, ಎನ್ಎಸ್200 ತರಹದ ಕೂಲಂಟ್ ಇರುವ ಬೈಕುಗಳಿಗೆ ಇದೇ ಕ್ರಮ. ಇಂಜಿನ್ ಬಂದ್ ಇರುವಾಗ ಬೈಕನ್ನು ಎಡಕ್ಕೂ ಬಲಕ್ಕೂ ನಿಧಾನಕ್ಕೆ ವಾಲಿಸಿದರೆ ಗಾಳಿ ಬಾಯಿಯ ಕಡೆ ಬರುತ್ತದೆ.

ಗ್ಯಾರೇಜಿನಲ್ಲಿ ಮಾಡಿಸುವವರು

ಬೆಳಿಗ್ಗೆ ಕೊಟ್ಟು ಸಂಜೆ ತಗೊಳ್ಳಿ. "ಅರ್ಧ ತಾಸಿನಾಗ ಮುಗಿಸ್ರಿ" ಅಂತ ತಲೆಯ ಮೇಲೆ ನಿಂತರೆ ಬಿಟ್ಟುಹೋಗುವುದು ಏರ್ ತೆಗೆಯುವ ಕೆಲಸವೇ. ವ್ಯಾಕ್ಯೂಮ್ ಫಿಲ್ಲರ್ ಇದೆಯಾ ಕೇಳಿ. ಅದು ಮೊದಲು ಒಳಗಿನ ಗಾಳಿಯನ್ನೆಲ್ಲ ಎಳೆದು, ಆ ಖಾಲಿ ಜಾಗಕ್ಕೆ ಕೂಲಂಟ್ ಎಳೆದುಕೊಳ್ಳುತ್ತದೆ. ವ್ಯಾಕ್ಯೂಮ್ ನಿಲ್ಲದಿದ್ದರೆ ಎಲ್ಲೋ ಲೀಕ್ ಇದೆ ಅಂತಲೂ ಆಗಲೇ ಗೊತ್ತಾಗುತ್ತದೆ. ಇಲ್ಲದಿದ್ದರೂ ಚಿಂತೆಯಿಲ್ಲ, ಕೈಯಿಂದಲೂ ಆಗುತ್ತದೆ. ಹೊರಗೆ ಎಷ್ಟು ಲೀಟರ್ ಬಂತು, ಒಳಗೆ ಎಷ್ಟು ಹೋಯಿತು ಅಂತ ಕೇಳಿ. ದುಡ್ಡು ಕೊಡುವ ಮೊದಲು ಇಂಜಿನ್ ಚಾಲೂ ಮಾಡಿ, ಗುಂಡಿ ಕೆಂಪು ಕಡೆ ತಿರುಗಿಸಿ, ಬ್ಲೋವರ್ ಮುಂದೆ ಕೈ ಹಿಡಿಯಿರಿ. ಬಿಸಿ ಗಾಳಿ ಬರದಿದ್ದರೆ ಗಾಡಿ ಅಲ್ಲೇ ಬಿಡಿ, ಇನ್ನೊಮ್ಮೆ ಏರ್ ತೆಗೆಯಲು ಹೇಳಿ.